ಎರಡು ಮಗ್ಗದ ದೂರ

ಪರದೆಯ ಅಂಚು ಮಡಿಸುವುದು ಇನ್ನೂ ಒಂದು ಮಾರು ಉಳಿದಿತ್ತು. ತುಟಿಗಳ ನಡುವೆ ಐದಾರು ಗುಂಡುಪಿನ್ನು ಕಚ್ಚಿಕೊಂಡು, ಒಂದೊಂದನ್ನೇ ತೆಗೆದು ಅವಳು ಬಟ್ಟೆಗೆ ಚುಚ್ಚುತ್ತಿದ್ದಳು. ಹೊಲಿಗೆ ಕಲಿಸಿದ ಮೇಡಂ ಹೀಗೇ ಮಾಡುತ್ತಿದ್ದರು. ಮೂವತ್ತು ವರ್ಷದಿಂದ ಅವಳೂ ಹೀಗೇ. ಬಾಯಲ್ಲಿ ಪಿನ್ನಿದ್ದರೂ ಮಾತಾಡುವುದು ಅವಳಿಗೆ ರೂಢಿಯಾಗಿತ್ತು. ತುಟಿ ಅಲುಗಿಸದೆ, ಅರ್ಧ ಮೂಗಿನಿಂದ, ಅರ್ಧ ಗಂಟಲಿನಿಂದ. ಗಿರಾಕಿಗಳಿಗೆ ಅದು ಅರ್ಥವಾಗುತ್ತಿತ್ತು, ಮನೆಯವರಿಗೂ.

"ಮಾವ, ಕಿಟಕಿ ಹಾಕ್ಲಾ? ಗಾಳಿ ಜೋರಾಯ್ತು," ಎಂದಳು, ತಲೆ ತಿರುಗಿಸದೆ.

ಹೊಲಿಗೆ ಯಂತ್ರ ಕಿಟಕಿಗೆ ಮುಖ ಮಾಡಿತ್ತು. ಮಾವನ ಬೆತ್ತದ ಕುರ್ಚಿ ಅವಳ ಬೆನ್ನ ಹಿಂದೆ. ಅಲ್ಲಿಂದ ಉತ್ತರ ಬರಲಿಲ್ಲ. ಅವಳು ಕಾಯಲೂ ಇಲ್ಲ. ಈ ಮನೆಗೆ ಬಂದು ಇಪ್ಪತ್ತನಾಲ್ಕು ವರ್ಷ. ಅವಳು ಕೇಳಿದ ಹತ್ತು ಮಾತಿನಲ್ಲಿ ಒಂಬತ್ತಕ್ಕೆ ಮಾವ ಉತ್ತರ ಕೊಟ್ಟವರಲ್ಲ. ಬಟ್ಟೆ ಮಿಲ್ಲಿನಲ್ಲಿ ಮಗ್ಗ ರಿಪೇರಿಯ ಮೇಸ್ತ್ರಿಯಾಗಿದ್ದವರು, ಕಿವಿ ಸ್ವಲ್ಪ ಮಂದ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅತ್ತೆ ಕೇಳಿದರೆ, ಮಗ ಕೇಳಿದರೆ ಸರಿಯಾಗಿಯೇ ಉತ್ತರ ಕೊಡುತ್ತಿದ್ದರಲ್ಲ. ಮೊದಲ ಎರಡು ವರ್ಷ ಅವಳು ಇದಕ್ಕಾಗಿ ಅತ್ತಿದ್ದಳು. ಆಮೇಲೆ, ಮಾವನಿಗೆ ತಾನು ಒಗ್ಗಲಿಲ್ಲ ಎಂದು ತೀರ್ಮಾನಿಸಿ, ನಡುಮನೆಯ ಕಂಬವನ್ನು ಬಳಸಿಕೊಂಡು ಓಡಾಡುವ ಹಾಗೆ ಆ ನೋವನ್ನು ಬಳಸಿಕೊಂಡು ಓಡಾಡುವುದನ್ನು ಕಲಿತಿದ್ದಳು.

ಈಗ ಕೆಲವು ತಿಂಗಳಿಂದ ಅವರು ಯಾರಿಗೂ ಸರಿಯಾದ ಉತ್ತರ ಕೊಡುತ್ತಿರಲಿಲ್ಲ. ಟೀ ಬೇಕಾ ಎಂದರೆ ಹೋದ ವಾರವೇ ಕಟ್ಟಿದೆ ಎನ್ನುತ್ತಿದ್ದರು. ಮಾತ್ರೆ ತಗೊಂಡ್ರಾ ಎಂದರೆ ಸುಮ್ಮನೆ ನಗುತ್ತಿದ್ದರು.

"ಅಮ್ಮಾ, ನನ್ನ ಮರೂನ್ ಲಿಪ್‌ಸ್ಟಿಕ್ ನೋಡಿದ್ಯಾ?" ಒಳಗಿಂದ ಮಗಳ ದನಿ. ಇಪ್ಪತ್ತೆರಡರ ಮಗಳು ಚರ್ಮದ ಆಸ್ಪತ್ರೆಯೊಂದರ ಮುಂದಿನ ಮೇಜಿನಲ್ಲಿ ಕೆಲಸ ಮಾಡುತ್ತಿದ್ದಳು. ಬಂದವರ ಹೆಸರು ಬರೆದುಕೊಂಡು ಕೂರಿಸುವ ಕೆಲಸ.

"ನನಗ್ಯಾಕೆ ಅದು," ಎಂದಳು ಇವಳು ಪಿನ್ನುಗಳ ಸಂದಿಯಿಂದ.

ಲಿಪ್‌ಸ್ಟಿಕ್ ಸಿಗಲಿಲ್ಲ. ಆದರೆ ಮಧ್ಯಾಹ್ನ ಪಾತ್ರೆ ತೊಳೆಯುವಾಗ ಅತ್ತೆಯ ಟೀ ಲೋಟದ ಬಾಯಿಗೆ ಮರೂನ್ ಬಣ್ಣ ಮೆತ್ತಿತ್ತು. ಅವಳು ಅದನ್ನು ಎರಡು ಸಲ ಉಜ್ಜಿ ತೊಳೆದು ಕವುಚಿಟ್ಟಳು. ಯಾರಿಗೂ ಹೇಳಲಿಲ್ಲ. ಎಪ್ಪತ್ತೊಂದು ವರ್ಷದ ಹೆಂಗಸು ಮೊಮ್ಮಗಳ ಲಿಪ್‌ಸ್ಟಿಕ್ ಕದ್ದು ಹಚ್ಚಿಕೊಂಡರೆ ಅದನ್ನು ಮನೆಯಲ್ಲಿ ಯಾವ ಬಾಯಿಂದ ಹೇಳುವುದು.

ನಾಲ್ಕು ದಿನದ ನಂತರ ಅತ್ತೆಯೇ ಹೇಳಿದರು. ರಾತ್ರಿಯ ಊಟಕ್ಕೆ ಅನ್ನ, ಬೇಳೆ, ಹುರಿದ ಬೀನ್ಸ್. ಎರಡು ತುತ್ತು ತಿಂದ ಅತ್ತೆ ಸ್ವೆಟರಿನ ಜೇಬಿನಿಂದ ನಾಲ್ಕಾಗಿ ಮಡಿಸಿದ ಬಣ್ಣದ ಹಾಳೆಯೊಂದನ್ನು ತೆಗೆದು ತಟ್ಟೆಯ ಪಕ್ಕ ಬಿಡಿಸಿಟ್ಟರು. ಮಗಳ ಆಸ್ಪತ್ರೆಯ ಜಾಹೀರಾತು. ತುಟಿ ತುಂಬಿಕೊಂಡು, ತಿದ್ದಿದ ಹಾಗೆ ಕಾಣಲು ಮೂರು ಬಗೆಯ ಚಿಕಿತ್ಸೆ, ಮೊದಲು ಮತ್ತು ನಂತರದ ಚಿತ್ರಗಳು.

"ಗುಬ್ಬಿ, ಇದರಲ್ಲಿ ಯಾವುದು ಒಳ್ಳೇದು?" ಎಂದು ಮೊಮ್ಮಗಳನ್ನು ಕೇಳಿದರು.

"ಯಾರಿಗಜ್ಜಿ?"

"ನನಗೆ."

ಮಗಳು ನಗು ತಡೆಯಲು ನೀರು ಕುಡಿಯಹೋಗಿ ನೆತ್ತಿಗೆ ಹತ್ತಿಸಿಕೊಂಡಳು. ಗಂಡ ಚಮಚ ಕೆಳಗಿಟ್ಟ. ಅವನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ಯಾವುದು ಎಲ್ಲಿಗೆ ಹೋಗಬೇಕೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಇದನ್ನು ಯಾವ ಗೂಡಿಗೆ ಹಾಕಬೇಕೆಂದು ತಿಳಿಯದೆ ತಾಯಿಯ ಮುಖ ನೋಡಿದ.

"ಅಮ್ಮ, ನಿಂಗೆ ಎಪ್ಪತ್ತೊಂದು."

"ಗೊತ್ತು ಕಣೋ. ನಾನು ಹುಟ್ಟಿದಾಗ ನಾನೂ ಅಲ್ಲೇ ಇದ್ದೆ, ಲೆಕ್ಕ ತಪ್ಪಿಲ್ಲ."

"ಈಗ ಯಾರಿಗೆ ತೋರಿಸ್ಬೇಕು ಅಂತ ಇದೆಲ್ಲ?"

ಅತ್ತೆ ಮಾವನ ತಟ್ಟೆಗೆ ಬೀನ್ಸ್ ಬಡಿಸಿದರು.

ಗಂಡ ಸಿಟ್ಟಾಗಲಿಲ್ಲ, ದಣಿದಿದ್ದ. ಮನೆಯಲ್ಲಿ ಯೋಚಿಸಬೇಕಾದ್ದು ಬೇರೆಯೇ ಇದೆ ಎಂದ. ಅಪ್ಪನ ಮರೆವು ಹೆಚ್ಚುತ್ತಿದೆ. ಮುಂದಿನ ಗುರುವಾರ ಬಿಟ್ಟು ಆಚೆ ಗುರುವಾರ ನೆನಪಿನ ಡಾಕ್ಟರಲ್ಲಿ ಪರೀಕ್ಷೆ ನಿಗದಿಯಾಗಿದೆ. ಮರೆವಿನವರನ್ನು ಹಗಲು ಹೊತ್ತು ನೋಡಿಕೊಳ್ಳುವ ಮನೆಯೊಂದನ್ನು ನಾನೇ ಹೋಗಿ ನೋಡಿಕೊಂಡೂ ಬಂದಿದ್ದೇನೆ, ಚೊಕ್ಕಟವಾಗಿದೆ, ಹೂವಿನ ಕುಂಡಗಳಿವೆ.

"ಅವರ ತಲೆ ಸರಿಯಾಗಿದೆ," ಎಂದರು ಅತ್ತೆ.

"ಏನಂತೆ?" ಎಂದು ಮಾವ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಅತ್ತೆ ಅವರ ಕಡೆ ತಿರುಗಿ ತುಟಿ ಅಲುಗಿಸಿದರು. ಊಟದ ಹೊತ್ತಿನಲ್ಲಿ ಅತ್ತೆ ಹೀಗೆ ತುಟಿ ಆಡಿಸುವುದು ಹೊಸದಲ್ಲ. ಅಜ್ಜಿ ಮೆಲುಕು ಹಾಕ್ತಾರೆ ಎಂದು ಮಗಳು ಚಿಕ್ಕವಳಿದ್ದಾಗ ಅಣಕಿಸುತ್ತಿದ್ದಳು. ಮಾವ ಕತ್ತು ವಾಲಿಸಿ, ಕಣ್ಣಿನ ಅಂಚಿನಿಂದ ನೋಡಿದರು, ಇನ್ನೊಮ್ಮೆ ನೋಡಿದರು. ಆಮೇಲೆ ನಕ್ಕು ತಟ್ಟೆಗೆ ಬಾಗಿದರು. ಆಗ ಅವಳ ಗಮನಕ್ಕೆ ಬಂತು: ಅತ್ತೆಯ ಬಾಯಲ್ಲಿ ತುತ್ತೇ ಇರಲಿಲ್ಲ.

ಆಸ್ಪತ್ರೆಗೆ ಅತ್ತೆಯ ಜೊತೆ ಅವಳೇ ಹೋಗಬೇಕಾಯಿತು. ಅರವತ್ತೈದು ದಾಟಿದವರ ಜೊತೆ ಮನೆಯವರೊಬ್ಬರು ಇರಬೇಕೆಂಬುದು ಅಲ್ಲಿನ ನಿಯಮ. ಮಗಳು ಮುಂದಿನ ಮೇಜಿನಲ್ಲಿ ಕೂತು, ಇವರಿಬ್ಬರನ್ನೂ ಎಂದೂ ಕಾಣದವಳ ಹಾಗೆ ಹೆಸರು ಬರೆದುಕೊಂಡಳು.

ವೈದ್ಯೆ ಚಿಕ್ಕ ವಯಸ್ಸಿನವಳು, ಅವಸರವಿಲ್ಲದವಳು. ಮೂರನ್ನೂ ಬಿಡಿಸಿ ಹೇಳಿದಳು. ಫಿಲ್ಲರ್ ಎಂದರೆ ಸೂಜಿಯಲ್ಲಿ ಜೆಲ್ ತುಂಬುವುದು. ತುಟಿ ದಪ್ಪವಾಗುತ್ತದೆ, ಒಂದು ವಾರ ಊತ ಇರುತ್ತದೆ, ಎಂಟು ಹತ್ತು ತಿಂಗಳಲ್ಲಿ ಕರಗುತ್ತದೆ. ಲಿಪ್ ಫ್ಲಿಪ್ ಎಂದರೆ ಮೇಲ್ದುಟಿಯ ಸ್ನಾಯುವನ್ನು ಸಡಿಲ ಮಾಡುವ ಚುಚ್ಚುಮದ್ದು. ತುಟಿ ಹೊರಕ್ಕೆ ಮಗುಚಿದ ಹಾಗಾಗಿ ತುಂಬಿದಂತೆ ಕಾಣುತ್ತದೆ, ಎರಡು ಮೂರು ತಿಂಗಳು ಇರುತ್ತದೆ. ಮೂರನೆಯದು ಬಣ್ಣ. ಬಹಳ ಸಣ್ಣ ಸೂಜಿಯಿಂದ ತುಟಿಯೊಳಕ್ಕೆ ಬಣ್ಣ ಕೂರಿಸಿ ಅಂಚು ತಿದ್ದುವುದು. ಗಾತ್ರ ಹೆಚ್ಚುವುದಿಲ್ಲ, ಗೆರೆ ಎದ್ದು ಕಾಣುತ್ತದೆ, ಒಂದೆರಡು ವರ್ಷ ಉಳಿಯುತ್ತದೆ.

ಅತ್ತೆ ಮಗ್ಗದ ನೂಲು ಪರೀಕ್ಷಿಸುವವರ ಹಾಗೆ ಕೇಳಿಸಿಕೊಂಡರು. ಆಮೇಲೆ ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೂ ಅಂದದ ಸಂಬಂಧ ಇರಲಿಲ್ಲ.

"ಎರಡನೇದು ಮಾಡಿಸ್ಕೊಂಡ್ರೆ ತುಟಿ ಗಟ್ಟಿಯಾಗಿ ಮುಚ್ಚೋಕೆ ಆಗುತ್ತಾ? ಪ, ಬ, ಮ ಅನ್ನೋಕೆ?"

"ಕೆಲವರಿಗೆ ಮೊದಮೊದಲು ಸ್ವಲ್ಪ ಕಷ್ಟ ಆಗುತ್ತೆ, ಅಮ್ಮ."

"ಹಾಗಾದ್ರೆ ಅದು ಬೇಡ. ಮೊದಲನೇದರಲ್ಲಿ ಊತ ಇದ್ದಾಗ ತುಟಿ ಆಕಾರ ಗೊತ್ತಾಗುತ್ತಾ?"

"ಊತ ಇಳಿಯೋವರೆಗೆ ಗೊತ್ತಾಗಲ್ಲ."

"ಮೂರನೇದು ಎರಡು ಮಗ್ಗದ ದೂರದಿಂದ ಕಾಣುತ್ತಾ?"

ವೈದ್ಯೆ ಸೊಸೆಯ ಮುಖ ನೋಡಿದಳು. ಸೊಸೆಗೂ ಗೊತ್ತಿರಲಿಲ್ಲ. ಅತ್ತೆ ಎದ್ದು ಗೋಡೆಯಿಂದ ಐದು ಹೆಜ್ಜೆ ಅಳೆದು ತೋರಿಸಿದರು: ಇಷ್ಟು. ಬಣ್ಣ ಗಾಢವಾಗಿದ್ದರೆ ಕಾಣುತ್ತದೆ ಎಂದಳು ವೈದ್ಯೆ. ಆದರೆ ಈ ವಯಸ್ಸಿಗೆ ತಿಳಿ ಗುಲಾಬಿ ಒಪ್ಪುತ್ತದೆ, ಅವಸರ ಬೇಡ, ಎರಡು ವಾರ ಯೋಚನೆ ಮಾಡಿ ಎಂದಳು. ಹಲ್ಲಿನ ಸೆಟ್ಟು ಸಡಿಲವಾಗಿರುವುದರಿಂದಲೇ ತುಟಿ ಒಳಕ್ಕೆ ಹೋಗಿದೆ, ಮೊದಲು ಅದನ್ನು ಸರಿಮಾಡಿಸಿದರೆ ಅರ್ಧ ಕೆಲಸ ಆದಂತೆ ಎಂದೂ ಸೇರಿಸಿದಳು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಾಗ ಅವಳಿಗೆ ತಡೆಯಲಾಗಲಿಲ್ಲ.

"ಅತ್ತೆ, ಏನಿದು? ನನಗಾದ್ರೂ ಹೇಳಿ."

ಅತ್ತೆ ಅವಳ ಕಡೆ ತಿರುಗಿ, ದನಿಯಿಲ್ಲದೆ, ತುಟಿಗಳನ್ನು ಅಗಲವಾಗಿ ನಿಧಾನವಾಗಿ ಆಡಿಸಿದರು.

"ಈಗ ನಾನೇನಂದೆ?"

"ಗೊತ್ತಾಗ್ಲಿಲ್ಲ."

"ಬಸ್ಸು ಇವತ್ತೂ ತಡ ಅಂದೆ. ನೋಡು, ನಿನ್ನ ಎರಡು ಕಣ್ಣೂ ಚೆನ್ನಾಗಿದ್ದು, ಪಕ್ಕದಲ್ಲೇ ಕೂತಿದ್ದೂ ಗೊತ್ತಾಗ್ಲಿಲ್ಲ. ನಿನ್ನ ಮಾವನಿಗೆ ಹೇಗೆ ಗೊತ್ತಾಗ್ಬೇಕು?"

ಆಮೇಲೆ ಅತ್ತೆ ಹೇಳಿದ್ದನ್ನು ಅವಳು ಬಹಳ ದಿನ ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದಳು. ಮಿಲ್ಲಿನಲ್ಲಿ ಅತ್ತೆ ನೇಯುವವರು, ಮಾವ ರಿಪೇರಿಯವರು. ನಾನೂರು ಮಗ್ಗ ಒಟ್ಟಿಗೆ ನಡೆಯುವಾಗ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಅಲ್ಲಿ ಎಲ್ಲರೂ ತುಟಿಯಲ್ಲೇ ಮಾತಾಡುತ್ತಿದ್ದರು, ಎಲ್ಲರೂ ಕಣ್ಣಿನಿಂದಲೇ ಕೇಳುತ್ತಿದ್ದರು. ಮನೆಯ ಜಗಳ, ಸಿನಿಮಾದ ಕಥೆ, ಯಾರ ಮಗುವಿಗೆ ಜ್ವರ, ಎಲ್ಲವೂ.

"ಮದುವೆ ಆಗ್ತೀಯಾ ಅಂತ ಕೇಳಿದ್ದೂ ಹಾಗೇ. ಎರಡು ಮಗ್ಗದ ಆಚೆಯಿಂದ. ಕೇಳಿದ್ದು ನನ್ನೊಬ್ಬಳನ್ನ, ಓದಿದ್ದು ಇಡೀ ಸಾಲು. ನಾನು ಬಾಯಿ ತೆಗೆಯೋದ್ರೊಳಗೆ ಆ ಕಡೆ ಸಾಲಿನವರೆಲ್ಲ ಹೂಂ ಅಂದ್ಬಿಟ್ಟಿದ್ರು." ಅತ್ತೆ ನಕ್ಕರು. "ನಾನು ಹೂಂ ಅಂದ್ನೋ ಇಲ್ವೋ ಅಂತ ಇವತ್ತಿಗೂ ಜಗಳ."

ನಲವತ್ತು ದಾಟುವ ಹೊತ್ತಿಗೆ ಮಾವನ ಎರಡೂ ಕಿವಿ ಪೂರ್ತಿ ಹೋಗಿದ್ದವು. ಮಂದವಲ್ಲ, ಪೂರ್ತಿ. ಮಿಲ್ಲಿನಲ್ಲಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ. ಕೇಳದವರನ್ನು ಯಂತ್ರದ ಹತ್ತಿರ ಬಿಡದೆ ಗೋದಾಮಿಗೆ ಹಾಕುತ್ತಿದ್ದರು. ಮಾವ ಪರೀಕ್ಷೆ ಮಾಡುವವನ ತುಟಿ ಓದಿ ಪ್ರತಿ ವರ್ಷವೂ ಪಾಸಾದರು. ಯಾರಿಗೂ ಹೇಳಬೇಡ ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡರು. ಕೆಲಸ ಬಿಟ್ಟ ಮೇಲೆ ಹೇಳಬಹುದಿತ್ತು. ಆಗ ನಾಚಿಕೆ ಅಡ್ಡ ಬಂತು, ಆಮೇಲೆ ಅದೇ ರೂಢಿಯಾಯಿತು. ಊಟದ ಮೇಜಿನಲ್ಲಿ ಅತ್ತೆ ಯಾವಾಗಲೂ ಎದುರು ಕುರ್ಚಿಯಲ್ಲೇ ಕೂತು, ಯಾರು ಏನೆಂದರೂ ತುಟಿಯಲ್ಲಿ ದಾಟಿಸುತ್ತಿದ್ದರು. ಮೂವತ್ತು ವರ್ಷ. ಮಗ ಕೊಡಿಸಿದ ಕಿವಿಯ ಯಂತ್ರದಿಂದ ಮಗ್ಗದ ಸದ್ದಿನಂಥದೊಂದು ಗರಗರ ಮಾತ್ರ ಕೇಳುತ್ತದೆಂದು ಮಾವ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟಿದ್ದರು.

ಎರಡು ವರ್ಷದ ಹಿಂದೆ ಅತ್ತೆಯ ಹಲ್ಲು ಹೋಗಿ ತುಟಿ ಒಳಸೇರಿದವು. ಕಳೆದ ವರ್ಷದಿಂದ ಮಾವನ ಕಣ್ಣಿನ ನಡುಭಾಗ ಮಸುಕು. ಇನ್ನು ಉಳಿಯುವುದು ಇಷ್ಟೇ ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು. ಅಂಚಿನಿಂದ ನೋಡಿದರೆ ಕಾಣುತ್ತದೆ, ಅದೂ ಕಪ್ಪು ಬಿಳುಪು ಬೇರೆಬೇರೆಯಾಗಿದ್ದರೆ.

"ಲಿಪ್‌ಸ್ಟಿಕ್ ಹಚ್ಚಿ ನೋಡಿದೆ," ಎಂದರು ಅತ್ತೆ. "ಸುಕ್ಕಿನೊಳಗೆಲ್ಲ ಇಳಿದು ಹರಡ್ಕೊಳ್ತು. ಬಾಯಿ ಎಲ್ಲಿ ಮುಗಿಯುತ್ತೆ ಅಂತಾನೇ ಗೊತ್ತಾಗಲ್ಲ ಅಂದ್ರು. ನಾಲ್ಕು ತಿಂಗಳಾಯ್ತು ಕಣೆ. ನನ್ನ ಬಾಯಿ ನೋಡ್ತಾರೆ, ಏನೂ ಸಿಗಲ್ಲ, ಸುಮ್ನೆ ನಗ್ತಾರೆ. ಆ ನಗು ನನಗೆ ಬೇಡ."

ನಿಮ್ಮ ಮಗನಿಗೆ ಹೇಳಿಬಿಡೋಣ, ಗುರುವಾರದ ಪರೀಕ್ಷೆಗೆ ಮೊದಲೇ, ಎಂದಳು ಅವಳು. ಅತ್ತೆ ತಲೆ ಅಲ್ಲಾಡಿಸಿದರು. ಕೊಟ್ಟ ಮಾತು. ಮಾವನನ್ನೇ ಕೇಳಿ ಆ ಮಾತಿನಿಂದ ಬಿಡಿಸಿಕೊಳ್ಳೋಣ ಎಂದರೆ ಕೇಳುವುದಾದರೂ ಹೇಗೆ? ಬಸ್ಸು ಬಂತು. ಇಡೀ ದಾರಿ ಅವಳು ಕಿಟಕಿಯ ಆಚೆ ನೋಡುತ್ತ ಕೂತಳು. ಉತ್ತರ ಸಿಗದ ಇಪ್ಪತ್ತನಾಲ್ಕು ವರ್ಷದ ಮಾತುಗಳು ಒಂದೊಂದಾಗಿ ನೆನಪಾಗಿ, ಅವುಗಳ ಮೇಲಿನ ಮುನಿಸು ಒಂದೊಂದಾಗಿ ಕಳಚಿತು. ಮಾವ ಅವನ್ನು ತಳ್ಳಿಹಾಕಿರಲಿಲ್ಲ. ಅವು ಅವರವರೆಗೆ ಹೋಗಿಯೇ ಇರಲಿಲ್ಲ.

ಶನಿವಾರ ಮಗಳಿಗೆ ರಜೆ. ಅಜ್ಜಿಯ ಹಟ ಕರಗದ್ದು ಕಂಡು ಅವಳ ನಾಚಿಕೆಯೇ ಕರಗಿತ್ತು. ಈಗ ಎಲ್ಲ ಬಲ್ಲವಳ ಹಾಗೆ ಫಿಲ್ಲರನ್ನೇ ಮಾಡಿಸಬೇಕೆಂದು ವಾದಿಸುತ್ತಿದ್ದಳು. ತುಟಿಯ ಪೆನ್ಸಿಲ್ ತಂದು ಅಜ್ಜಿಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಗದ್ದ ಹಿಡಿದು, ದಪ್ಪ ತುಟಿ ಬರೆದಳು.

"ಅಜ್ಜಿ, ಅಲ್ಲಾಡ್ಬೇಡ. ಹೀಗಾಗುತ್ತೆ ನೋಡು. ಇಪ್ಪತ್ತು ವರ್ಷ ಕಮ್ಮಿ ಕಾಣ್ತೀಯ."

"ಇಪ್ಪತ್ತು ಕಳೆದ್ರೂ ಐವತ್ತೊಂದು. ಅದರಲ್ಲಿ ಏನು ಲಾಭ?"

ಸೊಸೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ದೂರ ನಿಂತು ನೋಡಿದಳು. ಗಿರಾಕಿಯ ಸೋಫಾಕ್ಕೆಂದು ಅದೇ ವಾರ ಹನ್ನೆರಡು ದಿಂಬು ಹೊಲಿದಿದ್ದಳು.

"ಅರಳೆ ಜಾಸ್ತಿ ತುಂಬಿದ್ರೆ ದಿಂಬು ಉಬ್ಬುತ್ತೆ ಅಷ್ಟೇ," ಎಂದಳು. "ಸೋಫಾ ಯಾವುದು ದಿಂಬು ಯಾವುದು ಅಂತ ದೂರದಿಂದ ಗೊತ್ತಾಗೋದು ಸುತ್ತ ಅಂಚಿಗೆ ಬೇರೆ ಬಣ್ಣದ ಪೈಪಿಂಗ್ ಪಟ್ಟಿ ಕೊಟ್ಟಾಗ. ಅತ್ತೆಗೆ ಬೇಕಾಗಿರೋದು ಪೈಪಿಂಗು."

ಮಗಳು ಅಮ್ಮನನ್ನು ಅಚ್ಚರಿಯಿಂದ ನೋಡಿದಳು. ಅಮ್ಮ ಇಂಥ ವಿಷಯದಲ್ಲಿ ಬಾಯಿ ಹಾಕಿದ್ದು ಇದೇ ಮೊದಲು. ಅಜ್ಜಿಯ ತುಟಿ ಒರೆಸಿ, ಅಂಚಿಗೆ ಮಾತ್ರ ಗಾಢವಾದ ಗೆರೆ ಎಳೆದಳು. ಅತ್ತೆ ಎದ್ದು ಕನ್ನಡಿ ನೋಡಿಕೊಳ್ಳಲಿಲ್ಲ; ನೇರ ನಡುಮನೆಗೆ ಹೋಗಿ, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಮಾವನ ಮುಂದೆ ನಿಂತರು. ಅಡುಗೆಮನೆಯಲ್ಲಿದ್ದವರಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಮಾವ ಕತ್ತು ವಾಲಿಸಿದರು.

"ಬಟಾಣಿ ಬೇಡ," ಎಂದರು ಗಟ್ಟಿಯಾಗಿ. "ಹೊಟ್ಟೆ ಉಬ್ಬುತ್ತೆ."

ಮಗಳಿಗೆ ತಾತ ಯಾಕೆ ಹಾಗೆಂದರೆಂದು ಅರ್ಥವಾಗಲಿಲ್ಲ. ಅತ್ತೆ ತಿರುಗಿ ಬಂದಾಗ ಕಣ್ಣಲ್ಲಿ ನೀರಿತ್ತು, ಬಾಯಿ ಮಾತ್ರ ನಗುತ್ತಿತ್ತು. ಅರ್ಧ ಗಂಟೆಯಲ್ಲಿ ಪೆನ್ಸಿಲ್ ಗೆರೆ ಟೀಗೆ ಕರಗಿ ಹೋಯಿತು.

ಗುರುವಾರ ಗಂಡ ತಂದೆಯನ್ನು ಕರೆದುಕೊಂಡು ಹೋಗಿ ಮಧ್ಯಾಹ್ನ ಮೂರಕ್ಕೆ ಬಂದ. ಊಟ ಬೇಡ ಎಂದ. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರೆ ಅಪ್ಪ ತಮ್ಮ ವಯಸ್ಸು ಹೇಳಿದರಂತೆ. ಐದು ವಸ್ತುಗಳ ಹೆಸರು ಹೇಳಿ ತಿರುಗಿ ಹೇಳಿ ಎಂದರೆ ನಕ್ಕರಂತೆ. ನೂರರಿಂದ ಏಳೇಳು ಕಳೆಯಿರಿ ಎಂದಾಗಲೂ ನಕ್ಕರಂತೆ. ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡು, ಬರುವ ತಿಂಗಳಿಂದ ಆ ಮನೆಗೆ ಕಳಿಸುವುದೇ ಒಳ್ಳೆಯದು, ನನಗೇನು ಇಷ್ಟವಾ ಎಂದ.

ಅತ್ತೆ ಬಟ್ಟೆ ಮಡಿಸುತ್ತಿದ್ದವರು ಹಾಗೇ ನಿಂತರು.

"ಆ ಡಾಕ್ಟರಿಗೆ ಮೀಸೆ ಇತ್ತಾ?"

"ಏನು?"

"ಮೀಸೆ. ದಪ್ಪ ಮೀಸೆ ಇತ್ತಾ ಅಂದೆ."

"ಇತ್ತು. ಯಾಕಮ್ಮ?"

"ಕಿಟಕಿ ಅವರ ಬೆನ್ನ ಹಿಂದಿತ್ತಾ?"

ಅವನು ನೆನಪಿಸಿಕೊಂಡ. "ಹೌದು."

"ಹಾಗಾದ್ರೆ ಆ ಚೀಟಿ ಹರಿದು ಹಾಕು." ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಒಂದು ಕ್ಷಣ ಬೆತ್ತದ ಕುರ್ಚಿಯ ಕಡೆ ನೋಡಿದರು, ಕ್ಷಮೆ ಕೇಳುವವರ ಹಾಗೆ. ಆಮೇಲೆ ಎಲ್ಲವನ್ನೂ ಹೇಳಿದರು.

ಗಂಡನಿಗೆ ನೆನಪಾದದ್ದು ಒಂದು ಶಾಲೆಯ ನಾಟಕ. "ನಾನು ಮಂತ್ರಿ ಆಗಿದ್ದೆ," ಎಂದ. "ಅಪ್ಪ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಲ್ಲಿ ಕೂತಿದ್ರು. ಮನೆಗೆ ಬಂದು ನನ್ನ ಮಾತೆಲ್ಲ ಒಪ್ಪಿಸಿದ್ರು. ಒಂದೂ ತಪ್ಪಿಲ್ಲದೆ." ಎದ್ದು ಹೋಗಿ ತಂದೆಯ ಮುಂದೆ ಮೊಣಕಾಲೂರಿ ಕೂತು ಅವರ ಕೈ ಹಿಡಿದುಕೊಂಡ. ಮಾವ ಮಗನನ್ನು ನೋಡಿ, ಅವನ ಭುಜದ ಮೇಲಿಂದ ಹೆಂಡತಿಯನ್ನು ನೋಡಿ, "ಹೇಳ್ಬಿಟ್ಯಾ?" ಎಂದರು. ಅದಕ್ಕೆ ತುಟಿ ಓದುವ ಅಗತ್ಯ ಇರಲಿಲ್ಲ.

ಮರುದಿನ ಗಂಡ ಒಂದು ಸ್ಲೇಟು, ದಪ್ಪ ಸೀಮೆಸುಣ್ಣ ತಂದ. ಊಟ, ಮಾತ್ರೆ, ಸ್ನಾನ ಎಂದು ಗೇಣುದ್ದ ಅಕ್ಷರದಲ್ಲಿ ಬರೆದು ತೋರಿಸಿದ. ಮಾವ ಓದಿದರು. ಇನ್ನು ತುಟಿಯ ವಿಷಯ ಬಿಡಬಹುದಲ್ಲ ಎಂದು ತಾಯಿಯನ್ನು ಕೇಳಿದ, ಮೆಲ್ಲಗೆ.

"ಸ್ಲೇಟ್ ಮೇಲೆ ಜಗಳ ಆಡೋಕಾಗುತ್ತೇನೋ?" ಎಂದರು ಅತ್ತೆ.

ಹಲ್ಲಿನ ಸೆಟ್ಟು ಸರಿಮಾಡಿಸಲು ಅವನೇ ರಜೆ ಹಾಕಿ ಕರೆದುಕೊಂಡು ಹೋದ.

ಬಣ್ಣ ಕೂರಿಸುವ ದಿನ ಮಗಳು ಮುಂದಿನ ಮೇಜನ್ನು ಇನ್ನೊಬ್ಬಳಿಗೆ ಒಪ್ಪಿಸಿ ಒಳಗೆ ಬಂದು, ನಮ್ಮಜ್ಜಿ ಎಂದು ಎಲ್ಲರಿಗೂ ಪರಿಚಯ ಮಾಡಿಕೊಟ್ಟು, ಎರಡು ಗಂಟೆ ಅಜ್ಜಿಯ ಕೈ ಹಿಡಿದು ಕೂತಳು. ತಿಳಿ ಗುಲಾಬಿ ಎಂದ ವೈದ್ಯೆಗೆ ಅತ್ತೆ ತಲೆಯಾಡಿಸಿ, ಗಾಢ ಮರೂನಿನ ಮೇಲೆ ಬೆರಳಿಟ್ಟಿದ್ದರು. ಮೊದಲ ಐದಾರು ದಿನ ಬಣ್ಣ ಇನ್ನೂ ಕಪ್ಪಾಗಿ ಕಾಣುತ್ತದೆ, ಗಾಬರಿಯಾಗಬೇಡಿ, ಪೊರೆ ಎದ್ದು ಹೋದ ಮೇಲೆ ಅರ್ಧಕ್ಕಿಳಿಯುತ್ತದೆ, ಆರು ವಾರದ ನಂತರ ಇನ್ನೊಂದು ಸಲ ತುಂಬಬೇಕು ಎಂದಿದ್ದಳು ವೈದ್ಯೆ.

ಗಾಬರಿ ಆಗುವಂತೆಯೇ ಇತ್ತು. ಬಿಳಿ ಕೂದಲು, ಸುಕ್ಕು ಮುಖ, ನಡುವೆ ನೇರಳೆ ಹಣ್ಣು ತಿಂದು ಬಾಯಿ ಒರೆಸಿಕೊಳ್ಳದ ಮಗುವಿನ ತುಟಿ. ಬಾಗಿಲು ತೆರೆದ ಗಂಡ ಒಂದು ಹೆಜ್ಜೆ ಹಿಂದೆ ಸರಿದ. ಪಕ್ಕದ ಮನೆಯಾಕೆ ಸಕ್ಕರೆ ಕೇಳಲು ಬಂದವಳು ಸಕ್ಕರೆಯನ್ನೇ ಮರೆತು ಹೋದಳು.

ಅತ್ತೆ ಚಪ್ಪಲಿ ಬಿಟ್ಟು ನೇರ ಮಾವನ ಎದುರಿನ ಕುರ್ಚಿಗೆ ಹೋದರು. ಅದು ಐದು ಹೆಜ್ಜೆ ದೂರದಲ್ಲಿತ್ತು. ಹತ್ತಿರ ಎಳೆದುಕೊ ಎಂದು ಮಗ ಅಂದರೂ ಎಳೆದುಕೊಳ್ಳಲಿಲ್ಲ. ಸದ್ದಿಲ್ಲದೆ ತುಟಿ ಆಡಿಸಿದರು. ಮಾವ ಕತ್ತು ವಾಲಿಸಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಹುಬ್ಬು ಮೇಲೇರಿತು.

"ಅಷ್ಟು ಜೋರಾಗಿ ಕಿರುಚ್ಬೇಡ್ವೇ, ಬೊಂಬೆ," ಎಂದರು. "ಕೇಳ್ತಾ ಇದೆ."

ಬೊಂಬೆ ಎಂಬುದು ಮಿಲ್ಲಿನ ಸಾಲಿನಲ್ಲಿ ಅತ್ತೆಗಿದ್ದ ಹೆಸರು ಎಂದು ಆಮೇಲೆ ತಿಳಿಯಿತು. ಆ ಸಂಜೆ ಮನೆಯಲ್ಲಿ ಐದು ತಿಂಗಳಲ್ಲಿ ಮೊದಲ ಸಲ ಜಗಳವಾಯಿತು. ಅದರ ಅರ್ಧಭಾಗ ಮಾತ್ರ ಉಳಿದವರಿಗೆ ಕೇಳಿಸಿತು. ಇಲ್ಲ, ನಾನು ಕೇಳಿದ್ದು ನಿನ್ನನ್ನೇ. ಅವರು ಹೂಂ ಅಂದ್ರೆ ನೀನು ಅಂದ ಹಾಗಾ? ತಲೆ ಅಲ್ಲಾಡಿಸಿದ್ದು ನಾನು ನೋಡಿಲ್ವಾ? ಗಂಡ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಬರೆಯದೆ, ನಗುತ್ತಾ ಕೂತಿದ್ದ.

ಏಳನೆಯ ದಿನದ ಹೊತ್ತಿಗೆ ಪೊರೆ ಎದ್ದು ಬಣ್ಣ ತಿಳಿಯಾಯಿತು. ನೋಡುವವರ ಕಣ್ಣಿಗೆ ಚೆಂದವಾಯಿತು. ಮಾವನಿಗೆ ಮತ್ತೆ ಕಷ್ಟವಾಯಿತು. ಅತ್ತೆ ಕುರ್ಚಿಯನ್ನು ಎರಡು ಹೆಜ್ಜೆ ಮುಂದಕ್ಕೆ ಎಳೆದುಕೊಂಡರು. ಹತ್ತು ಮಾತಿನಲ್ಲಿ ಆರು ದಾಟುತ್ತಿತ್ತು, ಉಳಿದದ್ದಕ್ಕೆ ಸ್ಲೇಟು. ಎರಡನೆಯ ಸಲ ಬಣ್ಣ ತುಂಬಿಸಿಕೊಂಡು ಬಂದ ಮೇಲೆ ಎಂಟು. ಮುಂದೆ ಕಣ್ಣು ಇನ್ನೂ ಮಸುಕಾದರೆ ಎಂದು ಮಗಳು ಕೇಳಿದಾಗ, ಆಗ ತುಟಿಗೆ ಅವರ ಬೆರಳಿಟ್ಟುಕೊಂಡು ಮಾತಾಡ್ತೀನಿ ಎಂದರು ಅತ್ತೆ. ತಮಾಷೆಗೆ ಅಂದದ್ದಲ್ಲವೆಂದು ಅವರ ದನಿಯಲ್ಲೇ ಇತ್ತು.

ಅದಾಗಿ ಒಂದು ಮಧ್ಯಾಹ್ನ. ಮಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅವಳು ಶಾಲೆಯ ಮಕ್ಕಳ ಕೋಟುಗಳಿಗೆ ತೋಳು ಕೂಡಿಸುತ್ತಿದ್ದಳು, ತುಟಿಗಳ ನಡುವೆ ನಾಲ್ಕು ಪಿನ್ನು. ಅತ್ತೆ ಪಕ್ಕದಲ್ಲಿ ಕೂತು ದಾರದ ತುದಿ ಕತ್ತರಿಸಿ ಕೊಡುತ್ತಿದ್ದರು.

"ನಿನ್ನೆ ನಿನ್ನ ವಿಷಯ ಕೇಳಿದ್ರು," ಎಂದರು ಅತ್ತೆ.

ಅವಳು ಹುಬ್ಬು ಏರಿಸಿದಳು.

"ಸೊಸೆ ಒಳ್ಳೇಳು, ಇಪ್ಪತ್ತನಾಲ್ಕು ವರ್ಷ ಆಯ್ತು, ನನ್ನ ಹತ್ತಿರ ಮಾತ್ರ ಬಾಯಿ ಬಿಡಲ್ಲ. ಬಂದ ಹೊಸದರಲ್ಲಿ ನಾನೇನಾದ್ರೂ ಅಂದಿದ್ನಾ? ಅಂತ."

ಅವಳು ಕೈಯಲ್ಲಿದ್ದ ತೋಳನ್ನು ಕೆಳಗಿಟ್ಟಳು; ಪಿನ್ನುಗಳು ಇನ್ನೂ ಬಾಯಲ್ಲೇ ಇದ್ದವು. ಇಷ್ಟು ವರ್ಷ ಅವರ ಮೌನವನ್ನು ತಾನು ಹೊತ್ತು ತಿರುಗಿದ್ದಳು. ತನ್ನದೊಂದು ಮೌನವನ್ನು ಮಾವ ಅಷ್ಟೇ ವರ್ಷ ಹೊತ್ತು, ಕಾರಣ ಹುಡುಕುತ್ತ ಕೂತಿದ್ದರೆಂದು ಅವಳಿಗೆ ಹೊಳೆದಿರಲಿಲ್ಲ. ಎಲ್ಲ ತಿಳಿದ ಮೇಲೂ, ಈ ಮೂರು ತಿಂಗಳೂ, ಅವಳು ಮಾಡಿದ್ದೆಂದರೆ ಅದೇ ಬೆನ್ನು ತೋರಿಸಿಕೊಂಡು, ಅದೇ ಮುಚ್ಚಿದ ತುಟಿಯಿಂದ, ಮೊದಲಿಗಿಂತ ಸ್ವಲ್ಪ ಜೋರಾಗಿ ಮಾತಾಡಿದ್ದು.

"ಟೀ ಇಡ್ತೀನಿ," ಎಂದು ಅತ್ತೆ ಎದ್ದು ಹೋದರು.

ಅವಳು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು. ಡ್ರಾಯರಿನ ತಳದಲ್ಲಿ, ಮಗಳು ಐದನೆಯ ತರಗತಿಯಲ್ಲಿ ಹೊಲಿದು ಕೊಟ್ಟ ಪಿನ್ನಿನ ದಿಂಬು ಇತ್ತು, ಕೈಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದು. ಕೆಲಸಕ್ಕೆ ಅಡ್ಡ ಎಂದು ಒಂದು ದಿನವೂ ಕಟ್ಟಿರಲಿಲ್ಲ. ಅದನ್ನು ಕೊಡವಿ ಕಟ್ಟಿಕೊಂಡು, ನಾಲ್ಕೂ ಪಿನ್ನು ಅದಕ್ಕೆ ಚುಚ್ಚಿದಳು. ತುಟಿ ಖಾಲಿ ಖಾಲಿ ಅನ್ನಿಸಿತು.

ಯಂತ್ರವನ್ನು ಪೂರ್ತಿ ತಿರುಗಿಸಿದರೆ ಬೆಳಕು ಬೆನ್ನಿಗೆ ಬಿದ್ದು ಮುಖ ಕತ್ತಲಾಗುತ್ತದೆ. ಕಾಲುಭಾಗ ತಿರುಗಿಸಿದರೆ ಸೂಜಿಯ ಮೇಲೂ ಬೆಳಕು, ಕೆನ್ನೆಯ ಮೇಲೂ ಬೆಳಕು. ಅವಳು ಅದನ್ನು ಕಾಲುಭಾಗ ತಿರುಗಿಸಿ, ಕೊರಳಿನ ಟೇಪನ್ನು ತೆಗೆದು, ಯಂತ್ರದ ಕಾಲಿನಿಂದ ಬೆತ್ತದ ಕುರ್ಚಿಯವರೆಗೆ ನೆಲದ ಮೇಲೆ ಹಿಡಿದಳು. ಎರಡು ಮಗ್ಗದ ದೂರಕ್ಕಿಂತ ಕಡಿಮೆಯೇ ಇತ್ತು.

ಕೆಲಸ ಮುಗಿಸಿ ಆಗಷ್ಟೇ ಒಳಗೆ ಬಂದ ಗಂಡ ಏನು ಅಳೀತಿದ್ದೀಯ ಎಂದ.

"ಏನಿಲ್ಲ," ಎಂದು ಅವಳು ಟೇಪು ಸುತ್ತಿದಳು.

ಆಚೆ ಗಾಳಿ ಎದ್ದು ಪರದೆ ಹಾರುತ್ತಿತ್ತು. ಅವಳು ಕಿಟಕಿ ಮುಚ್ಚಲಿಲ್ಲ. ಮಾವ ಕಣ್ಣು ಬಿಡುವವರೆಗೆ ಅದು ಹಾಗೇ ಇರಲಿ. ಅದನ್ನು ಹಾಕಲಾ ಬೇಡವಾ ಎಂದು ಅವರನ್ನೇ ಕೇಳಬೇಕಿತ್ತು.